ಪಂಡಿತಾ ರಮಾಬಾಯಿಯ ಚರಿತ್ರೆ: ಕಲಿತವಳು ಕಲಿಸಿದ ಬಗೆ



ಹೊಸಪೇಟೆಯ ಬಳಿಯಲ್ಲಿ ಕಟ್ಟೆಯಿಂದ ತಡೆಯಲ್ಪಟ್ಟು, ಹಂಪೆಯ ಬಂಡೆಗಳ ನಡುವೆ ಹರಿದು, ಕಂಪ್ಲಿಯ ಗದ್ದೆಗಳಿಗೆ ನೀರುಣಿಸಿ ಮುಂದಕ್ಕೆ ಸಾಗುವ ತುಂಗಭದ್ರೆಯನ್ನು ನಮ್ಮಲ್ಲಿ ಅರಿಯದವರು ಯಾರು? ಈ ಹೊಳೆಯ ಮೂಲವೆಲ್ಲಿ ಎಂದು ಕೇಳಿದರೆ, ದೂರದ ಪಶ್ಚಿಮ ಘಟ್ಟದಲ್ಲಿ, ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಗಂಗಾಮೂಲವೆಂಬ ಬೆಟ್ಟದಲ್ಲಿ ಎಂದು ಹೇಳಬೇಕು. ಅಲ್ಲಿ ತುಂಗೆಯೂ ಭದ್ರೆಯೂ ಬೇರೆ ಬೇರೆಯಾಗಿ ಹುಟ್ಟಿ, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಒಂದಾಗಿ, ನಮ್ಮ ಸೀಮೆಗೆ ಬರುತ್ತವೆ. ಆ ಬೆಟ್ಟದ ಕಾಡಿನಲ್ಲಿಯೇ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಒಂದು ಹೆಣ್ಣು ಮಗು ಹುಟ್ಟಿತು. ಆ ಮಗುವೇ ಲೋಕಪ್ರಸಿದ್ಧಳಾದ ಪಂಡಿತಾ ರಮಾಬಾಯಿ.

ಈಕೆಯು ಕ್ರಿಸ್ತನನ್ನು ಹೇಗೆ ಕಂಡುಕೊಂಡಳೆಂಬದನ್ನೂ, ಬರಗಾಲದಲ್ಲಿ ಅನಾಥೆಯರನ್ನು ಹೇಗೆ ಸಾಕಿದಳೆಂಬದನ್ನೂ ನಮ್ಮ ಸಭೆಗಳಲ್ಲಿ ಅನೇಕರು ಕೇಳಿರುವರು. ಈ ಸಾರಿ ಆಕೆಯ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸೋಣ. ಅದೇನಂದರೆ, ಆಕೆಗೆ ಕೆಲಸವನ್ನು ಕಲಿಸಿದವರು ಯಾರು, ತಾನು ಕಲಿತದ್ದನ್ನು ಆಕೆಯು ಇತರ ಸ್ತ್ರೀಯರಿಗೆ ಹೇಗೆ ದಾಟಿಸಿದಳು ಎಂಬದೇ. ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಈಗ ನಮ್ಮ ಹಳ್ಳಿಗಳ ಹೆಣ್ಣು ಮಕ್ಕಳು ಶಾಲೆಗೂ ಆಸ್ಪತ್ರೆಗೂ ಬ್ಯಾಂಕಿಗೂ ಪಂಚಾಯ್ತಿಯ ಕಚೇರಿಗೂ ಕೆಲಸಕ್ಕೆ ಹೋಗುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಪತ್ರವು ಅವರ ಕೈಯಲ್ಲಿ ಇರುತ್ತದೆ. ಆದರೆ ಮೊದಲನೆಯ ದಿನ ಕೆಲಸದ ಮನೆಯೊಳಕ್ಕೆ ಕಾಲಿಟ್ಟಾಗ, ಬಾ ಮಗಳೇ, ಇದನ್ನು ಹೀಗೆ ಮಾಡಬೇಕು ಎಂದು ಪಕ್ಕದಲ್ಲಿ ನಿಂತು ತೋರಿಸುವವರು ವಿರಳ. ಬಲ್ಲವರು ಸುಮ್ಮನಿರುವದರಿಂದ ಎಷ್ಟೋ ಮಂದಿ ಎಳೆಯರು ಎದೆಗುಂದಿ ಮನೆಗೆ ಹಿಂದಿರುಗುತ್ತಾರೆ. ಅಂಥವರ ವಿಷಯದಲ್ಲಿ ರಮಾಬಾಯಿಯ ಚರಿತ್ರೆಯು ನಮಗೆ ಬುದ್ಧಿ ಹೇಳುವದು.

೧. ತಂದೆಯ ಹಟವೂ ತಾಯಿಯ ಪಾಠವೂ

ರಮಾಬಾಯಿಯ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಯ ಚಿತ್ಪಾವನ ಬ್ರಾಹ್ಮಣರು. ಅವರು ಯೌವನದಲ್ಲಿ ಸಂಸ್ಕೃತವನ್ನು ಕಲಿಯುವದಕ್ಕಾಗಿ ಪುಣೆಗೆ ಹೋಗಿದ್ದರು. ಅಲ್ಲಿ ಅವರ ಗುರುಗಳು ಪೇಶ್ವೆಯ ಅರಮನೆಯ ಒಬ್ಬ ಸ್ತ್ರೀಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಹೆಂಗಸೊಬ್ಬಳು ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವದನ್ನು ಕೇಳಿದ ಶಾಸ್ತ್ರಿಗಳು ಬೆರಗಾಗಿ, ತಮ್ಮ ಮನೆಯಲ್ಲಿಯೂ ಹೀಗೆಯೇ ಆಗಬೇಕೆಂದು ನಿಶ್ಚಯಿಸಿದರು. ಊರಿಗೆ ಬಂದು ಹೆಂಡತಿಗೆ ಪಾಠವನ್ನು ಹೇಳತೊಡಗಲಾಗಿ, ಮನೆಯ ಹಿರಿಯರು ಅದನ್ನು ಒಪ್ಪಲಿಲ್ಲ, ಆಕೆಗೂ ಮನಸ್ಸಿರಲಿಲ್ಲ, ಪಾಠವು ನಿಂತುಹೋಯಿತು.

ಆಕೆಯು ತೀರಿಕೊಂಡ ಮೇಲೆ ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿರುವಾಗ ಗೋದಾವರಿಯ ತೀರದಲ್ಲಿ ಲಕ್ಷ್ಮೀಬಾಯಿ ಎಂಬ ಒಂಬತ್ತು ವರುಷದ ಹುಡುಗಿಯನ್ನು ಮದುವೆಯಾದರು. ಅಂಥ ಮದುವೆಯು ಆ ಕಾಲದ ಪದ್ಧತಿಯಾಗಿತ್ತು. ಅದನ್ನು ನಾವು ಹೊಗಳುವವರಲ್ಲ. ಆದರೆ ಶಾಸ್ತ್ರಿಗಳು ಆ ಹುಡುಗಿಗೆ ಅಡಿಗೆಯನ್ನು ಮಾತ್ರವಲ್ಲದೆ ಸಂಸ್ಕೃತವನ್ನೂ ಕಲಿಸತೊಡಗಿದರು. ಜನರು ಗುಜುಗುಜು ಮಾಡಿದರು. ಕಡೆಗೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕೆಂದು ಅವರಿಗೆ ಅಪ್ಪಣೆಯಾಯಿತು. ಶಾಸ್ತ್ರಿಗಳು ಹಿಂಜರಿಯಲಿಲ್ಲ. ಸ್ತ್ರೀಗೆ ಸಂಸ್ಕೃತವನ್ನು ಕಲಿಸುವದು ತಪ್ಪಲ್ಲವೆಂದು ಗ್ರಂಥಗಳಿಂದಲೇ ಆಧಾರಗಳನ್ನು ತೋರಿಸಿ, ಆ ಸಭೆಯವರನ್ನು ಒಪ್ಪಿಸಿದರು. ಬಳಿಕ ನೆಂಟರ ಕಿರುಕುಳವಿಲ್ಲದ ಸ್ಥಳ ಬೇಕೆಂದು ಗಂಗಾಮೂಲದ ಕಾಡಿಗೆ ಹೋದರು. ಮೊದಲನೆಯ ರಾತ್ರಿ ತಲೆಯ ಮೇಲೆ ಸೂರಿಲ್ಲ. ಹತ್ತಿರದಲ್ಲಿ ಹುಲಿಯ ಗರ್ಜನೆ. ಆ ಹುಡುಗಿಯು ಹೊದಿಕೆಯನ್ನು ಸುತ್ತಿಕೊಂಡು ನಡುಗುತ್ತಿರಲು, ಶಾಸ್ತ್ರಿಗಳು ಬೆಳಗಾಗುವ ವರೆಗೂ ಕಾವಲಿದ್ದರು. ಹೀಗೆ ಕಾಡಿನೊಳಗೆ ಮನೆಯೂ ಪಾಠಶಾಲೆಯೂ ಎದ್ದವು. ಲಕ್ಷ್ಮೀಬಾಯಿಯು ಸಂಸಾರವನ್ನು ನಡಿಸುತ್ತಾ ವಿದ್ವಾಂಸಳಾದಳು.

ವಾಚಕರು ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ಶಾಸ್ತ್ರಿಗಳು ಮನೆಯೊಳಗೆ ಗುಟ್ಟಾಗಿ ಪಾಠ ಹೇಳಿ, ಹೊರಗೆ ಬಾಯಿ ಮುಚ್ಚಿಕೊಂಡಿರಲಿಲ್ಲ. ಕಲಿಯುವವಳ ಮೇಲೆ ಬಂದ ನಿಂದೆಯನ್ನು ತಾವೇ ಹೊತ್ತು, ಹಿರಿಯರ ಮುಂದೆ ಅವಳ ಪರವಾಗಿ ನಿಂತರು. ಕಲಿಸುವದೆಂದರೆ ಅರ್ಧ ಪಾಠ, ಅರ್ಧ ಪಕ್ಷವಹಿಸುವದು ಎಂಬದಕ್ಕೆ ಇದು ಮೊದಲನೆಯ ದೃಷ್ಟಾಂತ.

ಅತಿಥಿಗಳ ಸತ್ಕಾರದಿಂದ ಸಾಲವೇರಿ, ರಮಾಬಾಯಿಯು ಆರು ತಿಂಗಳ ಕೂಸಾಗಿರುವಾಗ ಈ ಕುಟುಂಬವು ಗಂಗಾಮೂಲವನ್ನು ಬಿಟ್ಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟದಿಂದ ಇಳಿದರು. ಆ ಮೇಲೆ ಅವರಿಗೆ ನೆಲೆಯಾದ ಮನೆಯೆಂಬದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಸ್ಥಾನದ ಮಂಟಪಗಳಲ್ಲಿ ಪುರಾಣವನ್ನು ಓದಿ, ಜನರು ಕೊಟ್ಟ ಕಾಣಿಕೆಯಿಂದ ಜೀವಿಸಿದರು.

ರಮಾಬಾಯಿಗೆ ಎಂಟು ವರುಷವಾದಾಗ ತಂದೆಯು ಮುದುಕರಾಗಿದ್ದದರಿಂದ ತಾಯಿಯೇ ಪಾಠಕ್ಕೆ ಕುಳಿತಳು. ಹಗಲೆಲ್ಲಾ ಅಡಿಗೆ, ನೀರು, ಪ್ರಯಾಣ, ಬಿಡುವೆಂಬದಿಲ್ಲ. ಆದಕಾರಣ ಲಕ್ಷ್ಮೀಬಾಯಿಯು ಹಕ್ಕಿಗಳು ಕೂಗುವದಕ್ಕೆ ಮುಂಚೆಯೇ ಎದ್ದು, ನಿದ್ದೆಗಣ್ಣಿನ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕಗಳನ್ನು ಹೇಳಿಕೊಡುವಳು. ಹೀಗೆ ಏಳೆಂಟು ವರುಷ ನಡೆದ ಪಾಠದಿಂದ ರಮಾಬಾಯಿಯು ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಶ್ಲೋಕಗಳನ್ನು ಮಾತ್ರವಲ್ಲ, ಜನರ ಗುಂಪಿನ ಮುಂದೆ ಅಳುಕದೆ ಕುಳಿತು ಪುರಾಣ ಹೇಳುವ ಕಸುಬನ್ನೂ ತಂದೆ ತಾಯಿಗಳ ಮಗ್ಗುಲಲ್ಲಿ ಕುಳಿತೇ ಕಲಿತಳು. ಲೋವಿಯಿಂದ ಯೂನೀಕೆಗೂ ಯೂನೀಕೆಯಿಂದ ತಿಮೊಥೆಯನಿಗೂ ನಂಬಿಕೆಯು ದಾಟಿಬಂದಂತೆ, ಇಲ್ಲಿ ವಿದ್ಯೆಯು ಒಂದು ದೀಪದಿಂದ ಮತ್ತೊಂದಕ್ಕೆ ಹತ್ತಿತು.

೨. ರಾಯಚೂರಿನ ದುಃಖ

೧೮೭೪ರ ಹೊತ್ತಿಗೆ ದಕ್ಷಿಣದ ಸೀಮೆಯಲ್ಲಿ ಆಹಾರವಿಲ್ಲದೆ ಈ ಕುಟುಂಬವು ಬಹಳವಾಗಿ ಬಳಲಿತು. ಇದ್ದ ಪಾತ್ರೆಗಳನ್ನೂ ಬಟ್ಟೆಗಳನ್ನೂ ಮಾರಿ ತಿಂದದ್ದಾಯಿತು. ಕಡೆಗೆ ಎಲೆಗಳನ್ನು ತಿಂದು ದಿನಗಳೆದರು. ಅವರು ವಿದ್ವಾಂಸರಾಗಿದ್ದರು, ಆದರೆ ಕೈಕೆಲಸವೊಂದನ್ನೂ ಅರಿಯರು. ಕೂಲಿ ಮಾಡುವದಕ್ಕೆ ನಾಚಿಕೆ, ಬೇಡುವದಕ್ಕೆ ಅದಕ್ಕಿಂತಲೂ ನಾಚಿಕೆ. ಆ ವರುಷದ ಜುಲೈಯಲ್ಲಿ ತಿರುಪತಿಯ ಕಡೆಯ ಕಾಡಿನಲ್ಲಿ ತಂದೆಯು ಪ್ರಾಣಬಿಟ್ಟರು. ಉಳಿದವರು ಹೇಗೋ ರಾಯಚೂರಿಗೆ ಬಂದು ಸೇರಿದರು.

ಕಂಪ್ಲಿಯ ಹೊಳೆಯನ್ನು ದಾಟಿ, ಗಂಗಾವತಿ, ಸಿಂಧನೂರು, ಮಾನ್ವಿಗಳ ಮಾರ್ಗವಾಗಿ ಹೋದರೆ ನಾವು ಸೇರುವ ರಾಯಚೂರು ಅದೇ. ಅಲ್ಲಿ ಲಕ್ಷ್ಮೀಬಾಯಿಯು ಜ್ವರದಿಂದ ಮಲಗಿದಳು. ರೊಟ್ಟಿಯ ಚೂರಿಗಾಗಿ ರಮಾಬಾಯಿಯು ನೆರೆಮನೆಯ ಬಾಗಿಲಿಗೆ ಹೋದಾಗ ನಾಚಿಕೆಯಿಂದ ಆಕೆಯ ನಾಲಿಗೆಯೇ ಹೊರಳಲಿಲ್ಲ. ಕೆಲವು ದಿನಗಳಲ್ಲಿ ತಾಯಿಯು ತೀರಿಹೋದಳು. ಹೆಣವನ್ನು ಹೊರುವದಕ್ಕೆ ನಾಲ್ವರು ಬೇಕು; ಬಂದ ಬ್ರಾಹ್ಮಣರು ಇಬ್ಬರೇ. ಮೂರನೆಯವನು ಅಣ್ಣನಾದ ಶ್ರೀನಿವಾಸ; ನಾಲ್ಕನೆಯವಳು ರಮಾಬಾಯಿಯೇ. ಆಕೆಯು ಗಿಡ್ಡಳಾಗಿದ್ದದರಿಂದ ಚಟ್ಟದ ಮೂಲೆಯು ಹೆಗಲಿಗೆ ಎಟುಕದೆ, ತಲೆಯ ಮೇಲಿಟ್ಟುಕೊಂಡು ನಡೆದಳು. ತನಗೆ ವಿದ್ಯೆಯನ್ನು ಕೊಟ್ಟವಳನ್ನು ಹದಿನಾರು ವರುಷದ ಹುಡುಗಿಯು ಹೀಗೆ ಹೊತ್ತಳು. ಕೆಲವು ತಿಂಗಳ ಮೇಲೆ ಅಕ್ಕನೂ ಸತ್ತಳು.

ಈ ದುಃಖದಿಂದ ರಮಾಬಾಯಿಯ ಮನಸ್ಸಿನಲ್ಲಿ ಒಂದು ಸತ್ಯವು ಬೇರೂರಿತು. ಶಾಸ್ತ್ರಗಳನ್ನು ಕಲಿತರೆ ಸಾಲದು. ತನ್ನ ಕೈಯಿಂದ ದುಡಿದು ತಿನ್ನುವ ಕೆಲಸವನ್ನೂ ಸ್ತ್ರೀಯು ಕಲಿತಿರಬೇಕು ಎಂಬದೇ ಅದು. ಮುಂದೆ ಆಕೆಯು ಕಟ್ಟಿದ ಮನೆಗಳಲ್ಲಿ ಪುಸ್ತಕದ ಪಾಠದ ಪಕ್ಕದಲ್ಲಿಯೇ ಮಗ್ಗವೂ ಗಾಣವೂ ಇದ್ದವು.

೩. ಪಂಡಿತೆಯಾದದ್ದೂ ವಿಧವೆಯಾದದ್ದೂ

ಅಣ್ಣ ತಂಗಿಯರು ಸಾವಿರಾರು ಮೈಲಿ ನಡೆದು ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ಪಂಡಿತರು ಈಕೆಯ ಪಾಂಡಿತ್ಯವನ್ನು ಪರೀಕ್ಷಿಸಿ, ಪಂಡಿತೆ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರುಷ ರಮಾಬಾಯಿಯು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ವಕೀಲರನ್ನು ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದಳು. ಅಲ್ಲಿ ಲೂಕನ ಸುವಾರ್ತೆಯ ಒಂದು ಬಂಗಾಳಿ ಪುಸ್ತಕವು ಆಕೆಯ ಕೈಗೆ ಸಿಕ್ಕಿತು. ೧೮೮೧ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ಮರುವರುಷ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತಮೂರು ವರುಷದ ವಿಧವೆಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದಳು.

ಪುಣೆಯಲ್ಲಿ ಆಕೆಯು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ಅದೇ ೧೮೮೨ರಲ್ಲಿ ಸರಕಾರದ ವಿದ್ಯಾಭ್ಯಾಸ ಕಮಿಷನ್ನಿನ ಅಧ್ಯಕ್ಷರಾದ ಹಂಟರ್ ದೊರೆಯವರ ಮುಂದೆ ಸಾಕ್ಷಿ ಹೇಳುವ ಸಂದರ್ಭ ಒದಗಿತು. ಆಕೆಯು ಮರಾಠಿಯಲ್ಲಿ ಬಿನ್ನವಿಸಿದ್ದರ ಸಾರಾಂಶವೇನಂದರೆ: ಹುಡುಗಿಯರ ಶಾಲೆಗಳಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರಾಗಬೇಕು, ಅವರಿಗೆ ಕೆಲಸಕ್ಕೆ ಮುಂಚೆ ತಕ್ಕ ತರಬೇತು ಸಿಕ್ಕಬೇಕು, ಶಾಲೆಗಳನ್ನು ತನಿಖೆ ಮಾಡುವ ಅಧಿಕಾರವನ್ನೂ ಸ್ತ್ರೀಯರಿಗೆ ಕೊಡಬೇಕು, ಗಂಡಸರಾದ ವೈದ್ಯರಿಗೆ ತಮ್ಮ ವ್ಯಾಧಿಯನ್ನು ಹೇಳಲಾರದೆ ಎಷ್ಟೋ ಹೆಂಗಸರು ಸಾಯುವದರಿಂದ ಸ್ತ್ರೀಯರಿಗೆ ವೈದ್ಯವನ್ನು ಕಲಿಸಬೇಕು. ಕಲಿತ ಸ್ತ್ರೀಯು ಮೇಲೆ ಇದ್ದರಲ್ಲದೆ ಕಲಿಯುವ ಸ್ತ್ರೀಯು ಮೇಲಕ್ಕೆ ಬರಲಾರಳು ಎಂಬದನ್ನು ಆಕೆಯು ಅಷ್ಟು ಹಿಂದೆಯೇ ಕಂಡಿದ್ದಳು.

೪. ಸಮುದ್ರದಾಚೆಯ ಗುರುಗಳು

ವೈದ್ಯವನ್ನು ತಾನೇ ಕಲಿಯಬೇಕೆಂಬ ಆಶೆಯಿಂದ ೧೮೮೩ರಲ್ಲಿ ರಮಾಬಾಯಿಯು ಇಂಗ್ಲೆಂಡಿಗೆ ಹೊರಟಳು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಆಕೆಯನ್ನು ಇಳಿಸಿಕೊಂಡರು. ಆ ವರುಷದ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು. ಆದರೆ ಕಿವಿಯು ಮಂದವಾಗಿದ್ದದರಿಂದ ವೈದ್ಯವನ್ನು ಕಲಿಯಲಾಗಲಿಲ್ಲ. ಬಯಸಿ ಬಂದ ಬಾಗಿಲು ಮುಚ್ಚಿತು.

ಆಗ ಮತ್ತೊಂದು ಬಾಗಿಲನ್ನು ತೆರೆದವಳು ಡೊರೊಥಿಯಾ ಬೀಲ್ ಎಂಬಾಕೆ. ರಮಾಬಾಯಿಯು ಹುಟ್ಟಿದ ೧೮೫೮ರಲ್ಲಿಯೇ ಈಕೆಯು ಚೆಲ್ಟನ್ಹ್ಯಾಮಿನ ಸ್ತ್ರೀಯರ ಕಾಲೇಜಿಗೆ ಮುಖ್ಯಸ್ಥೆಯಾಗಿದ್ದಳು. ಆ ಕೆಲಸದಲ್ಲಿ ಪಳಗಿ ನರೆತವಳು. ಆಕೆಯು ರಮಾಬಾಯಿಯನ್ನು ಬರೀ ಕನಿಕರದ ಅತಿಥಿಯೆಂದು ಎಣಿಸಲಿಲ್ಲ. ೧೮೮೪ರಿಂದ ೧೮೮೬ರ ವರೆಗೆ ಅಲ್ಲಿ ಇಂಗ್ಲಿಷ್, ಗಣಿತ, ಪ್ರಕೃತಿಶಾಸ್ತ್ರಗಳನ್ನು ಕಲಿಯಗೊಟ್ಟು, ಅದೇ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುವ ಕೆಲಸವನ್ನೂ ಕೊಟ್ಟಳು. ಕಲಿಯುವವಳು ಕಲಿಸುತ್ತಲೂ ಇರಲಿ ಎಂಬದು ಆಕೆಯ ಕ್ರಮ. ರಮಾಬಾಯಿಯು ಗಂಡಸರಿಗೆ ಪಾಠ ಹೇಳುವದು ಉಚಿತವಲ್ಲವೆಂದು ಕೆಲವು ಬಿಷಪರು ಆಕ್ಷೇಪಿಸಿದಾಗ, ಬೀಲ್ ದೊರೆಸಾನಿಯು ಶಿಷ್ಯಳ ಪರವಾಗಿ ಪತ್ರಗಳನ್ನು ಬರೆದು ವಾದಿಸಿದಳು. ಆಕ್ಷೇಪಿಸಿದವರು ನಮ್ಮ ಕ್ರೈಸ್ತ ಹಿರಿಯರೇ ಎಂಬದನ್ನು ನಾವು ಮರೆಮಾಡಬಾರದು. ಉಡುಪಿಯಲ್ಲಿ ತಾಯಿಗಾಗಿ ತಂದೆಯು ನಿಂತಂತೆ, ಇಲ್ಲಿ ಮಗಳಿಗಾಗಿ ಈ ಹಿರಿಯಳು ನಿಂತಳು.

೧೮೮೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಕರೆಯು ಬಂತು. ರಮಾಬಾಯಿಯ ಬಂಧುವಾದ ಆನಂದಿಬಾಯಿ ಜೋಶಿಯು ಅಲ್ಲಿಯ ಸ್ತ್ರೀಯರ ವೈದ್ಯ ಕಾಲೇಜಿನಲ್ಲಿ ಪದವಿ ಹೊಂದುವವಳಿದ್ದಳು. ಆ ಕಾಲೇಜಿನ ಮುಖ್ಯಸ್ಥೆಯಾದ ರೇಚಲ್ ಬಾಡ್ಲಿಯು ಪರದೇಶದಿಂದ ಬಂದ ಆನಂದಿಬಾಯಿಯನ್ನು ಆದರಿಸಿದಂತೆಯೇ ರಮಾಬಾಯಿಯನ್ನೂ ಆದರಿಸಿ, ೧೮೮೭ರಲ್ಲಿ ಆಕೆಯು ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಬರೆದ ಪುಸ್ತಕಕ್ಕೆ ಮುನ್ನುಡಿಯನ್ನು ಬರೆದುಕೊಟ್ಟಳು. ರಮಾಬಾಯಿಯು ಅಲ್ಲಿ ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲನ ಪದ್ಧತಿಯನ್ನು ಅಭ್ಯಾಸ ಮಾಡಿ, ಊರೂರು ತಿರುಗಿ ಭಾಷಣ ಮಾಡಿದಳು. ವಿಧವೆಯರ ಶಾಲೆಗೆ ಹತ್ತು ವರುಷ ಸಹಾಯ ಕೊಡುವದಾಗಿ ಬಾಸ್ಟನ್ನಿನಲ್ಲಿ ಒಂದು ಸಂಘವು ಏರ್ಪಟ್ಟಿತು.

೫. ಶಾರದಾ ಸದನ

೧೮೮೯ನೆಯ ಇಸವಿ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಬಂದ ವಿದ್ಯಾರ್ಥಿನಿಯರು ಇಬ್ಬರು. ಅವರಲ್ಲಿ ಒಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತಿರಬೇಕಾಗಿದ್ದ ಅವಳಿಗೆ ರಮಾಬಾಯಿಯು ಅಕ್ಷರವನ್ನು ಕಲಿಸಿದಳು. ಮನೆಯ ಆಡಳಿತದಲ್ಲಿ ಜೊತೆಗಿಟ್ಟುಕೊಂಡು ಕೆಲಸವನ್ನು ಒಪ್ಪಿಸಿದಳು. ೧೮೯೩ರಲ್ಲಿ ಗೋದೂಬಾಯಿಯು ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದಿಬಾಯಿ ಕರ್ವೆ ಎನಿಸಿಕೊಂಡಳು. ಆ ಕರ್ವೆಯವರೇ ೧೮೯೬ರಲ್ಲಿ ವಿಧವೆಯರ ಆಶ್ರಮವನ್ನೂ ೧೯೧೬ರಲ್ಲಿ ಸ್ತ್ರೀಯರ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದವರು. ಆನಂದಿಬಾಯಿಯು ಅವುಗಳಿಗಾಗಿ ಮನೆಮನೆ ತಿರುಗಿ ಹಣ ಕೂಡಿಸಿದಳು. ಅವಳು ಕ್ರೈಸ್ತಳಾಗಲಿಲ್ಲ. ಆದರೂ ರಮಾಬಾಯಿಯು ಬಿತ್ತಿದ ಬೀಜವು ವ್ಯರ್ಥವಾಯಿತೆಂದು ಯಾರು ಹೇಳುವರು? ನಮ್ಮ ಮತಕ್ಕೆ ಬಂದರೆ ಮಾತ್ರ ಕೆಲಸ ಕಲಿಸುತ್ತೇವೆ ಎಂಬದು ಕ್ರಿಸ್ತನ ಮನಸ್ಸಲ್ಲ. ಆತನು ವಾಸಿಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿದನಲ್ಲವೇ?

ಸದನವು ೧೮೯೦ರಲ್ಲಿ ಪುಣೆಗೆ ಬಂತು. ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಯಲ್ಲಿ ಕೂಡಿಕೊಳ್ಳುವರೆಂದು ತಿಳಿದಾಗ ೧೮೯೩ರಲ್ಲಿ ಊರೆಲ್ಲಾ ಗದ್ದಲವೆದ್ದು, ಸುಮಾರು ಇಪ್ಪತ್ತೈದು ಮಂದಿ ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಮನೆಯು ಬರಿದಾದಂತೆ ಕಂಡಿತು. ಆದರೂ ಉಳಿದವರಿಗೆ ಕಲಿಸುವದನ್ನು ಆಕೆಯು ಬಿಡಲಿಲ್ಲ. ಆ ಉಳಿದವರೇ ಮುಂದೆ ಬಂದ ದೊಡ್ಡ ಕೆಲಸಕ್ಕೆ ಕೈಗಳಾದರು.

೬. ಮುಕ್ತಿಯ ಕೆಲಸದ ಮನೆಗಳು

೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಬರಗಾಲವು ಬಂತು. ರಾಯಚೂರಿನ ನೆನಪು ರಮಾಬಾಯಿಯನ್ನು ಸುಮ್ಮನಿರಗೊಡಲಿಲ್ಲ. ತಾನೇ ಹೋಗಿ ಸುಮಾರು ಮುನ್ನೂರು ಮಂದಿ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದಳು. ಪುಣೆಯಿಂದ ಸೋಲಾಪುರ, ಕಲಬುರಗಿ, ರಾಯಚೂರುಗಳ ಕಡೆಗೆ ಬರುವ ರೈಲು ದಾರಿಯಲ್ಲಿ ಕೇಡಗಾಂವ್ ಎಂಬ ಊರಿದೆ. ಅಲ್ಲಿ ಕೊಂಡಿದ್ದ ಹೊಲದಲ್ಲಿ ಬಾವಿ ತೋಡಿಸಿ, ಮನೆಗಳನ್ನು ಕಟ್ಟಿಸಿ, ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಿಟ್ಟಳು. ಮತ್ತೊಂದು ಬರಗಾಲವು ಗುಜರಾತಿನಲ್ಲಿ ಬಂದ ಮೇಲೆ, ೧೯೦೦ರ ಹೊತ್ತಿಗೆ, ಅಲ್ಲಿದ್ದವರು ಹೆಚ್ಚುಕಡಿಮೆ ಎರಡು ಸಾವಿರ.

ಒಬ್ಬ ಸ್ತ್ರೀಯು ಎರಡು ಸಾವಿರ ಮಂದಿಗೆ ಹೇಗೆ ಕಲಿಸಿಯಾಳು? ಅದು ಅಸಾಧ್ಯ. ಆದುದರಿಂದ ಆಕೆಯು ಮಾಡಿದ್ದೇನಂದರೆ, ಶಾರದಾ ಸದನದಲ್ಲಿ ತಾನು ತಯಾರು ಮಾಡಿದ್ದ ವಿಧವೆಯರನ್ನು ಉಪಾಧ್ಯಾಯಿನಿಯರನ್ನಾಗಿಯೂ ಮೇಲ್ವಿಚಾರಕಿಯರನ್ನಾಗಿಯೂ ನೇಮಿಸಿ, ಹೊಸಬರನ್ನು ಗುಂಪು ಗುಂಪಾಗಿ ಅವರ ವಶಕ್ಕೆ ಕೊಟ್ಟಳು. ನಿನ್ನೆ ಕಲಿತವಳು ಇಂದು ಕಲಿಸುವಳು. ಇಂದು ಕಲಿತವಳು ನಾಳೆ ಕಲಿಸುವಳು. ನೆಯ್ಗೆ, ಹೊಲಿಗೆ, ಬಟ್ಟೆ ಒಗೆಯುವದು, ಎಣ್ಣೆ ತೆಗೆಯುವದು, ದನ ಸಾಕುವದು, ಹೊಲ ಗೇಯುವದು, ಅಚ್ಚು ಹಾಕುವದು, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ಕಣ್ಣಿಲ್ಲದವರಿಗೂ ಬೆರಳಿನಿಂದ ಓದುವ ಅಕ್ಷರವನ್ನು ಕಲಿಸಿದರು. ಸ್ತ್ರೀಯಿಂದಾಗದೆಂದು ಜನರು ಹೇಳುತ್ತಿದ್ದ ಕೆಲಸಗಳನ್ನು ಅಲ್ಲಿ ಸ್ತ್ರೀಯರೇ ಮಾಡಿದರು. ಮಾಡುವದನ್ನು ಸ್ತ್ರೀಯರೇ ತೋರಿಸಿಕೊಟ್ಟರು.

ಈ ಕೆಲಸದ ಮನೆಗಳಲ್ಲಿ ಅಚ್ಚುಕೂಟವೇ ಬಹು ಸೋಜಿಗವಾದದ್ದು. ಬಳ್ಳಾರಿಗೆ ೧೮೧೦ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರು ಶ್ರೀಮಂತ ಬಡವರೆನ್ನದೆ ಎಲ್ಲರೂ ಓದಲೆಂದು ಸತ್ಯವೇದವನ್ನು ಕನ್ನಡಕ್ಕೆ ತಂದರಷ್ಟೆ. ಹಾಗೆಯೇ ಹಳ್ಳಿಯ ಬಡ ಹೆಂಗಸಿಗೂ ತಿಳಿಯುವ ಸುಲಭ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ರಮಾಬಾಯಿಯು ಬಯಸಿ, ನಡುವಯಸ್ಸು ದಾಟಿದ ಮೇಲೆ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ತರ್ಜುಮೆಗೆ ಕುಳಿತಳು. ಅಕ್ಷರದ ಮೊಳೆಗಳನ್ನು ಜೋಡಿಸಿದವರು, ಕರಡನ್ನು ತಿದ್ದಿದವರು, ಯಂತ್ರವನ್ನು ತಿರುಗಿಸಿದವರು, ಹಾಳೆಗಳನ್ನು ಹೊಲಿದವರು, ಎಲ್ಲರೂ ಮುಕ್ತಿಯ ಸ್ತ್ರೀಯರೇ. ಬರಗಾಲದಲ್ಲಿ ಎಲುಬುಗೂಡಾಗಿ ಬಂದು, ಒಂದಕ್ಷರವನ್ನೂ ಅರಿಯದಿದ್ದ ಹುಡುಗಿಯರು ದೇವರ ವಾಕ್ಯಕ್ಕೆ ಅಕ್ಷರ ಜೋಡಿಸುವವರಾದರು.

೭. ಮಗಳ ಮರಣವೂ ತಾಯಿಯ ಮುಕ್ತಾಯವೂ

ಈ ಭಾರವನ್ನು ತನ್ನ ಮೇಲೆಯೇ ಹೊತ್ತುಕೊಂಡು ಸಾಯಬಾರದೆಂದು ರಮಾಬಾಯಿಯು ಬಲ್ಲಳು. ಮಗಳಾದ ಮನೋರಮಾಬಾಯಿಯನ್ನು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಓದಿಸಿ, ಹಿಂದಿರುಗಿದ ಮೇಲೆ ಶಾಲೆಯ ಆಡಳಿತವನ್ನು ಕೊಂಚ ಕೊಂಚವಾಗಿ ಅವಳಿಗೆ ಒಪ್ಪಿಸಿದಳು. ೧೯೧೨ರಲ್ಲಿ ನಮ್ಮ ಕಲಬುರಗಿಯಲ್ಲಿ ಒಂದು ಶಾಲೆಯನ್ನು ತೆರೆದಾಗ ಅದರ ಮುಖ್ಯಸ್ಥೆಯಾದವಳು ಮನೋರಮಾಬಾಯಿಯೇ. ಕನ್ನಡ ಸೀಮೆಯ ಬೆಟ್ಟದಲ್ಲಿ ಹುಟ್ಟಿದವಳ ಉಪಕಾರವು ಹೀಗೆ ಕನ್ನಡ ಸೀಮೆಗೆ ಹಿಂದಿರುಗಿತು.

ಆದರೆ ದೇವರ ಚಿತ್ತವು ಬೇರೆಯಾಗಿತ್ತು. ೧೯೨೧ನೆಯ ಇಸವಿ ಜುಲೈ ೨೪ರಂದು ನಲವತ್ತು ವರುಷದ ಮನೋರಮಾಬಾಯಿಯು ತಾಯಿಗಿಂತ ಮೊದಲೇ ತೀರಿಹೋದಳು. ಇಪ್ಪತ್ತು ವರುಷ ತಯಾರು ಮಾಡಿದ ಉತ್ತರಾಧಿಕಾರಿಣಿಯು ಇಲ್ಲವಾದಳು. ಈ ಪೆಟ್ಟಿಗೆ ಎಷ್ಟೋ ಮಂದಿ ಕೈಬಿಟ್ಟಾರು. ರಮಾಬಾಯಿಯು ಮರಳಿ ಕರಡು ಹಾಳೆಗಳ ಮುಂದೆ ಕುಳಿತಳು. ಸತ್ಯವೇದದ ಕಡೆಯ ಹಾಳೆಗಳನ್ನು ತಿದ್ದಿ ಮುಗಿಸಿ, ೧೯೨೨ನೆಯ ಇಸವಿ ಏಪ್ರಿಲ್ ೫ರಂದು ಕರ್ತನಲ್ಲಿ ನಿದ್ರೆಹೋದಳು. ಪುಸ್ತಕವು ೧೯೨೪ರಲ್ಲಿ ಪೂರ್ಣವಾಗಿ ಹೊರಗೆ ಬಂತು. ಬರೆದವಳು ಇಲ್ಲದಿದ್ದರೂ ಅಚ್ಚು ಹಾಕುವವರು ಇದ್ದರು. ಯಾಕಂದರೆ ಆಕೆಯು ಒಬ್ಬಳಿಗೆ ಮಾತ್ರ ಕಲಿಸಿರಲಿಲ್ಲ, ಅನೇಕರಿಗೆ ಕಲಿಸಿದ್ದಳು. ಕೇಡಗಾಂವಿನ ಮುಕ್ತಿಯು ಇಂದಿಗೂ ನಡೆಯುತ್ತಾ ಇದೆ.

೮. ನಮಗೆ ಬುದ್ಧಿವಾದ

ವಾಚಕರೇ, ಈಗ ಗಂಗಾಮೂಲದಿಂದ ಹೊಳೆಯ ಜೊತೆಯಲ್ಲಿಯೇ ನಮ್ಮ ಊರುಗಳಿಗೆ ಇಳಿದು ಬರೋಣ. ಹಂಪೆಯಲ್ಲಿ ವಿಜಯನಗರದ ಅರಮನೆಯು ಇದ್ದ ಕಾಲದಲ್ಲಿ, ೧೫೩೫ರ ಸುಮಾರಿಗೆ, ನೂನಿಜ್ ಎಂಬ ಪೋರ್ತುಗೀಸನು ಅಲ್ಲಿಯ ವೃತ್ತಾಂತವನ್ನು ಬರೆದಿಟ್ಟನು. ಅರಮನೆಯೊಳಗಿನ ಖರ್ಚಿನ ಲೆಕ್ಕವನ್ನು ಬರೆಯುವ ಸ್ತ್ರೀಯರಿದ್ದರೆಂದೂ, ಬೇರೆ ಕೆಲವು ಸ್ತ್ರೀಯರು ಹೊರಗಿನ ಬರಹಗಾರರ ಪುಸ್ತಕಗಳೊಡನೆ ತಮ್ಮ ಪುಸ್ತಕಗಳನ್ನು ತಾಳೆ ನೋಡುತ್ತಿದ್ದರೆಂದೂ ಅವನು ಹೇಳುವನು. ೧೫೬೫ರಲ್ಲಿ ಆ ನಗರವು ಹಾಳಾಯಿತು. ಆ ಸ್ತ್ರೀಯರ ಹೆಸರೂ ಉಳಿಯಲಿಲ್ಲ, ಅವರಿಂದ ಯಾರು ಕಲಿತರೆಂಬ ಸುದ್ದಿಯೂ ಉಳಿಯಲಿಲ್ಲ. ಆದರೆ ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಯನ್ನು ನೋಡಿರಿ. ಅದಕ್ಕೆ ಅರಮನೆಯ ಆಸರೆಯಿರಲಿಲ್ಲ. ಅ���್ಜಿಯ ಮಗ್ಗುಲಲ್ಲಿ ಮೊಮ್ಮಗಳು ಕುಳಿತು, ಹೊಲಿಗೆಯ ಮೇಲೆ ಕಣ್ಣಿಟ್ಟು ಕಲಿತದ್ದರಿಂದ ಅದು ಇಂದಿಗೂ ಉಳಿದು, ದೇಶಾಂತರಗಳಲ್ಲಿ ಹೆಸರು ಪಡೆದಿದೆ. ದಾಟಿಸಿದ ವಿದ್ಯೆಯು ಬಾಳುವದು. ಬಚ್ಚಿಟ್ಟ ವಿದ್ಯೆಯು ಬಲ್ಲವನ ಜೊತೆಯಲ್ಲಿಯೇ ಮಣ್ಣಾಗುವದು.

ಕೆಲವರು ಹೀಗೆ ಹೇಳುವದುಂಟು: ನಾನು ಕಷ್ಟಪಟ್ಟು ಕಲಿತೆ, ಅವಳೂ ಕಷ್ಟಪಡಲಿ. ಮತ್ತೆ ಕೆಲವರು, ಅವಳು ಕಲಿತರೆ ನನ್ನ ಸ್ಥಾನಕ್ಕೆ ಬಂದಾಳು ಎಂದು ಅಂಜುವರು. ರಾಯಚೂರಿನಲ್ಲಿ ತಾಯಿಯ ಚಟ್ಟವನ್ನು ಹೊತ್ತವಳಿಗಿಂತ ಹೆಚ್ಚು ಕಷ್ಟಪಟ್ಟವರು ನಮ್ಮಲ್ಲಿ ಯಾರಿದ್ದಾರೆ? ಆ ಕಷ್ಟವು ಮತ್ತೊಬ್ಬಳಿಗೆ ಬರಬಾರದೆಂದೇ ಆಕೆಯು ದುಡಿದಳು. ತನ್ನ ಸ್ಥಾನಕ್ಕೆ ಮತ್ತೊಬ್ಬಳು ಬರಲೆಂದೇ ಪ್ರಾರ್ಥಿಸಿದಳು. ವೃದ್ಧಸ್ತ್ರೀಯರು ಯೌವನಸ್ಥೆಯರಿಗೆ ಒಳ್ಳೇದನ್ನು ಬೋಧಿಸಬೇಕೆಂದು ಪೌಲನು ತೀತನಿಗೆ ಬರೆದದ್ದು ಮನೆಯೊಳಗಿನ ನಡತೆಗೆ ಮಾತ್ರವಲ್ಲ, ಹೊರಗಿನ ದುಡಿಮೆಗೂ ಸಲ್ಲುವದೆಂದು ನಾವು ತಿಳಿಯಬೇಕು.

ಹಾಗಾದರೆ ಮಾಡತಕ್ಕದ್ದೇನು? ಹೊಸಪೇಟೆಯ ಆಸ್ಪತ್ರೆಯಲ್ಲಿ ಬಹು ವರುಷ ದಾದಿಯಾಗಿರುವಾಕೆಯು ಈ ವರುಷ ಬಂದ ಹುಡುಗಿಯನ್ನು ರಾತ್ರಿಯ ಪಾಳಿಯಲ್ಲಿ ಒಬ್ಬಂಟಿಗಳಾಗಿ ಬಿಡದೆ, ಸೂಜಿ ಹಾಕುವ ಮುಂಚೆ ಪಕ್ಕದಲ್ಲಿ ನಿಲ್ಲಲಿ. ಕಂಪ್ಲಿಯ ಭತ್ತದ ಗಿರಣಿಯಲ್ಲಿ ಲೆಕ್ಕ ಬರೆಯುವ ಹಿರಿಯರು ಹೊಸದಾಗಿ ಬಂದ ಹೆಣ್ಣು ಮಗಳಿಗೆ ಪುಸ್ತಕವನ್ನು ಮುಚ್ಚಿಡದೆ ತೆರೆದು ತೋರಿಸಲಿ. ಸಂಡೂರಿನ ಗಣಿಯ ಕಚೇರಿಯಲ್ಲಿಯೂ ಹಂಪೆಯಲ್ಲಿ ಯಾತ್ರಿಕರಿಗೆ ದಾರಿ ತೋರಿಸುವ ಕೆಲಸದಲ್ಲಿಯೂ ಅನುಭವವುಳ್ಳವರು ಹಾಗೆಯೇ ಮಾಡಲಿ. ಅವಳು ತಪ್ಪಿದರೆ ನಾಲ್ಕು ಜನರ ಮುಂದೆ ಹೀಯಾಳಿಸದೆ, ಏಕಾಂತದಲ್ಲಿ ತಿದ್ದಿರಿ. ಕೆಲಸವನ್ನು ಅವಳ ಕೈಯಿಂದ ಕಿತ್ತುಕೊಂಡು ನೀವೇ ಮಾಡಬೇಡಿರಿ. ನಿಧಾನವಾದರೂ ಅವಳೇ ಮಾಡಲಿ. ಅವಳ ಹೆಸರಿನ ಮೇಲೆ ಅನ್ಯಾಯವಾದ ಮಾತು ಬಂದಾಗ, ಉಡುಪಿಯ ಸಭೆಯಲ್ಲಿ ನಿಂತ ಶಾಸ್ತ್ರಿಗಳನ್ನು ನೆನಸಿಕೊಂಡು, ಎದ್ದು ನಿಂತು ಮಾತಾಡಿರಿ. ಈ ಕೆಲಸವು ಹೆಂಗಸರದು ಮಾತ್ರವೆಂದು ಗಂಡಸರು ಎಣಿಸಬಾರದು. ಈ ಚರಿತ್ರೆಯಲ್ಲಿ ಮೊದಲನೆಯ ದೀಪವನ್ನು ಹತ್ತಿಸಿದವರು ಒಬ್ಬ ಗಂಡಸರೇ.

ಸಭೆಯ ಹಿರಿಯರಿಗೂ ಒಂದು ಬಿನ್ನಹವುಂಟು. ನಮ್ಮ ಗ್ರಾಮಸಭೆಗಳಲ್ಲಿ ಕೆಲಸದಿಂದ ನಿವೃತ್ತರಾದ ಉಪಾಧ್ಯಾಯಿನಿಯರೂ ದಾದಿಯರೂ ಇದ್ದಾರೆ. ಆದಿತ್ಯವಾರದ ಆರಾಧನೆಯಾದ ಮೇಲೆ, ಕೆಲಸಕ್ಕೆ ಹೋಗುವ ಒಬ್ಬೊಬ್ಬ ಹುಡುಗಿಯನ್ನು ಅವರಲ್ಲಿ ಒಬ್ಬೊಬ್ಬರಿಗೆ ಹೆಸರು ಹಿಡಿದು ಒಪ್ಪಿಸುವದಾದರೆ ಖರ್ಚೇನೂ ಆಗದು, ಲಾಭವೋ ಬಹಳ. ರೂತಳು ಬೇರೆ ದೇಶದ ಹೊಲದಲ್ಲಿ ತೆನೆ ಆಯುವದಕ್ಕೆ ಹೋದಾಗ, ಎಲ್ಲಿ ಆಯಬೇಕು, ಯಾರ ಸಂಗಡ ಇರಬೇಕು ಎಂದು ಹೇಳುವದಕ್ಕೆ ಅವಳಿಗೆ ನೊವೊಮಿಯೊಬ್ಬಳಿದ್ದಳು. ನಮ್ಮ ರೂತಳಿಗೆ ನೊವೊಮಿಯು ಯಾರು?

ಪ್ರತಿಯೊಬ್ಬರೂ ಈ ದಿನ ಹೊಳೆಯ ನೀರನ್ನು ಕುಡಿಯುವಾಗ ಒಂದು ಸಾರಿ ನೆನಸಿಕೊಳ್ಳಿರಿ: ಇದು ಮೇಲಿನಿಂದ ಹರಿದು ಬಂದದ್ದರಿಂದ ನಮಗೆ ದೊರೆಯಿತು. ನಮ್ಮಲ್ಲಿ ನಿಂತುಬಿಟ್ಟರೆ ಕೆಳಗಿನವರಿಗೆ ದೊರೆಯದು. ನಮಗೆ ಉಚಿತವಾಗಿ ದೊರೆತ ವಿದ್ಯೆಯನ್ನು ಉಚಿತವಾಗಿ ಹರಿಯಬಿಡುವ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.